ಇಂಗ್ಲಿಷ್ ಬಾರದ ಟೀಚರು ಮತ್ತು ಹವಲ್ಲಿಯ ಕಮಿಟಿ

ಪೋಷಕರೇ ಸೇರಿ ಕಟ್ಟಿಕೊಂಡ ಪುಟ್ಟ ಶಾಲೆಗಳಿಗೆ ಟೀಚರಾಗಿ ಹೊರಟ ಹೆಣ್ಣುಮಕ್ಕಳು ಈಗಲೂ ಆಗಾಗ ನನ್ನ ಹತ್ತಿರ ಬಂದು ಕೂರುತ್ತಾರೆ. ಅವರ ಮೊದಲ ಪ್ರಶ್ನೆ ಮಕ್ಕಳ ಬಗ್ಗೆ ಇರುವುದಿಲ್ಲ. "ಕಮಿಟಿಯವರನ್ನ ಸಂಭಾಳಿಸೋದು ಹೇಗೆ ಆಂಟಿ?" ಅನ್ನುತ್ತಾರೆ. ಪಾಪ, ಅವರದ್ದೂ ತಪ್ಪಲ್ಲ. ಸಂಬಳ ಪಡೆಯುವ ಮೇಲಧಿಕಾರಿ ಸಂಜೆಯಾದರೆ ಮನೆಗೆ ಹೋಗುತ್ತಾನೆ. ಸಂಬಳವಿಲ್ಲದ ಮೇಲಧಿಕಾರಿ ಸಂಜೆಯಾದ ಮೇಲೆಯೇ ಬರುತ್ತಾನೆ. ಅಂಥವರ ಕೈಕೆಳಗೆ ಕೆಲಸ ಮಾಡಿದ ನಾನು ಏನು ಕಲಿತೆ ಎಂದು ಹೇಳಲು ಹೊರಟರೆ ಕುವೈತಿನಿಂದಲೇ ಶುರುಮಾಡಬೇಕು.

ಆಮೇಲೆ ಮೈಸೂರಿನ ದೊಡ್ಡ ಶಾಲೆಯಲ್ಲಿ ನಿವೃತ್ತಿಯವರೆಗೂ ದುಡಿದೆ. ಆದರೆ ಮಧ್ಯಾಹ್ನ ಊಟ ಮಾಡಿ ಒರಗಿದರೆ, ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊತ್ತಿನಲ್ಲಿ, ಆ ದೊಡ್ಡ ಶಾಲೆ ನೆನಪಿಗೆ ಬರುವುದೇ ಇಲ್ಲ. ಬರುವುದು ಕುವೈತಿನ ಹವಲ್ಲಿಯ ಹಳೆಯ ಕಟ್ಟಡದ ಎರಡು ಕೋಣೆ. ಎಳೆದ ಪರದೆಯ ಸಂದಿಯಿಂದ ಇಳಿದ ಬಿಳಿ ಬೆಳಕು, ಕಿಟಕಿಯ ಏಸಿಯ ಗುಂಯ್ ಸದ್ದು, ಚಾಪೆಯ ಮೇಲೆ ಸಾಲಾಗಿ ಮಲಗಿದ ಮಕ್ಕಳು. ಪಕ್ಕದ ಕೋಣೆಯಿಂದ ನನ್ನವರ ಗೊರಕೆ ಕೇಳುತ್ತದೆ, ಅದೂ ಆ ಏಸಿಯ ಸದ್ದಿನಲ್ಲೇ ಕರಗಿಹೋಗುತ್ತದೆ. "ಕುವೈತಿನ ಕತೆ ಬರೀತಿದ್ದೀಯಾ? ನಾನು ಗೊರಕೆ ಹೊಡೀತೀನಿ ಅಂತ ಬರೀಬೇಡ" ಎಂದು ಅವರು ಎಚ್ಚರಿಸಿದ್ದಾರೆ. ಬರೆದಾಯಿತು.

ನನ್ನವರು ಆಗ ಕುವೈತಿನ ರಾಯ್‌ನಲ್ಲಿ ಕಾರಿನ ಬಿಡಿಭಾಗ ಮಾರುವ ಒಂದು ಷೋರೂಮಿನಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಟೀಚರ್ ತರಬೇತಿ ಮುಗಿಸಿ ಹೋದವಳು, ಮನೆಯಲ್ಲಿ ಸುಮ್ಮನೆ ಕೂರಲಾಗದೆ ಚಡಪಡಿಸುತ್ತಿದ್ದೆ. ನಮ್ಮ ಕಟ್ಟಡದಲ್ಲಿ ಸಿಸಿಲಿಯಾ ಬಾಯಿ ಎಂಬ ಮಂಗಳೂರಿನ ನರ್ಸ್ ಇದ್ದರು, ಮನೆಮಾತು ಕೊಂಕಣಿ. ಅವರ ಆಸ್ಪತ್ರೆಯ ಡಾಕ್ಟರೊಬ್ಬರ ಹೆಂಡತಿ ಸ್ಪೇನಿನವಳು. ಕುವೈತಿನದೇ ಸಾಲ್ಮಿಯಾ ಬಡಾವಣೆಯಲ್ಲಿ ಒಂದಷ್ಟು ಪೋಷಕರು ಸೇರಿ ನಡೆಸುತ್ತಿದ್ದ ಸ್ಪ್ಯಾನಿಷ್ ಶಾಲೆಯಲ್ಲಿ ಆಕೆ ಟೀಚರು. ಅಲ್ಲಿ ಬಾಗಿಲು ದಾಟಿದರೆ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಿಲ್ಲ. ಒಂದು ಬೆಳಿಗ್ಗೆ ಸಿಸಿಲಿಯಾ ಬಾಯಿ ನನ್ನನ್ನು ಕರೆದುಕೊಂಡು ಹೋಗಿ ಆ ಶಾಲೆಯ ಮೂಲೆಯಲ್ಲಿ ಕೂರಿಸಿದರು. ಯಾರೂ ನನಗೆ ಏನನ್ನೂ ವಿವರಿಸಲಿಲ್ಲ. ಆಕೆ ನಗುತ್ತಾಳೆ, ಲೋಟ ತೋರಿಸುತ್ತಾಳೆ, ಹಾಡುತ್ತಾಳೆ, ನಾನು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಕಣ್ಣರಳಿಸಿ ತಲೆಯಾಡಿಸುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಬಾಯಾರಿ, ನನ್ನ ಬಾಯಿಂದ ತಾನಾಗಿ "ಆಗ್ವಾ" ಎಂದು ಬಂತು. ನೀರು ಸಿಕ್ಕಿತು. ಆ ನೀರು ಕುಡಿಯುತ್ತಾ, ನಮ್ಮ ಮಕ್ಕಳಿಗೂ ಕನ್ನಡ ಹೀಗೇ ಬರಬೇಕು ಎಂದುಕೊಂಡೆ.

ಏಕೆಂದರೆ ಕುವೈತಿನಲ್ಲಿದ್ದ ನಮ್ಮ ಕನ್ನಡಿಗರ ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳುವುದು, ಮಗು ಇಂಗ್ಲಿಷಿನಲ್ಲಿ ಉತ್ತರಿಸುವುದು. ಹೀಗೆ ನಮ್ಮ ಕಟ್ಟಡದ ಎರಡು ಕೋಣೆಯಲ್ಲಿ ಹುಟ್ಟಿಕೊಂಡಿತು ನಮ್ಮ ಶಾಲೆ. ಹೊಸ್ತಿಲ ಹೊರಗೆ ಚಪ್ಪಲಿ ಶೂ ಬಿಡಬೇಕು, ಒಳಗೆ ಬರೀ ಕನ್ನಡ. ಟೀಚರಿಗೆ ಇಂಗ್ಲಿಷು ಬರುವುದೇ ಇಲ್ಲ ಎಂದು ಮಕ್ಕಳಿಗೆ ಹೇಳಲಾಯಿತು. ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು ಎಂಬುದನ್ನು ಕಮಿಟಿ ಗುಟ್ಟಾಗಿ ಇಟ್ಟಿತು.

ಕಮಿಟಿಯಲ್ಲಿ ಬಂದುಹೋಗುವವರು ಹಲವರಿದ್ದರು, ಉಳಿದವರು ಮೂವರು. ಅಧ್ಯಕ್ಷರು ಮೂರ್ತಿಗಳು, ಮೈಸೂರಿನವರು, ಬ್ಯಾಂಕಿನ ಆಫೀಸರು. ಪ್ರತಿಯೊಂದಕ್ಕೂ ನಿರ್ಣಯ ಬರೆಸುವ ಗೀಳು ಅವರದು. ಎರಡನೆಯವರು ಸಿಸಿಲಿಯಾ ಬಾಯಿ, ನಿರ್ಣಯಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೂರನೆಯವರು ಚನ್ನಪ್ಪ, ಮಂಡ್ಯ ಕಡೆಯವರು, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನೀಷಿಯನ್. ಕಮಿಟಿ ಸೇರುತ್ತಿದ್ದ ಗುರುವಾರ ಸಂಜೆ ಅವರು ಬಂದರೆ ಎಣ್ಣೆಯ ವಾಸನೆ ಮೊದಲು ಬರುತ್ತಿತ್ತು. ಸ್ಕ್ರೂ ಸಡಿಲವಾದ ಕುರ್ಚಿಯಿಂದ ಹಿಡಿದು ಕೆಟ್ಟ ಏಸಿಯವರೆಗೆ ಎಲ್ಲವನ್ನೂ ರಿಪೇರಿ ಮಾಡಿಯೇ ಅವರು ಚಾಪೆಯ ಮೇಲೆ ಕೂರುತ್ತಿದ್ದದ್ದು. ಅವರ ಮಗಳು ಸ್ಮಿತಾ ನಮ್ಮ ಶಾಲೆಯ ಮೊದಲ ಮಕ್ಕಳಲ್ಲಿ ಒಬ್ಬಳು.

ಯಾವ ಕನ್ನಡ ಕಲಿಸಬೇಕು ಎಂಬುದರ ಮೇಲೇ ಮೊದಲ ಜಗಳ. ಮೂರ್ತಿಗಳಿಗೆ ಅವರ ಮನೆಯ ಕನ್ನಡವೇ ಸರಿಯಾದ ಕನ್ನಡ. ಅವರು ಹಾಗೆ ವಾದಿಸುತ್ತಿದ್ದ ಹೊತ್ತಿಗೇ ಅವರ ಮಗಳು ಒಳಗಿನಿಂದ ಬಂದು, ಸಿಸಿಲಿಯಾ ಬಾಯಿಯ ಮಂಗಳೂರು ಕನ್ನಡದಲ್ಲಿ, "ಎಂತದು ಅಪ್ಪಾ, ಬೇಗ ಬನ್ನಿ ಮಾರಾಯ್ರೆ" ಎಂದಳು. ಚನ್ನಪ್ಪ ಬಿದ್ದು ಬಿದ್ದು ನಕ್ಕು, "ಅಂಗೇ ಬುಡಿ ಸಾರ್, ಮಗ ಮಾತಾಡ್ತಾ ಅದಲ್ಲ, ಅಷ್ಟು ಸಾಕು" ಎಂದರು. ಮೂರ್ತಿಗಳು ಪೆನ್ನು ಮುಚ್ಚಿದರು. ಆ ವಿಷಯದಲ್ಲಿ ನಿರ್ಣಯವಾಗಲೇ ಇಲ್ಲ.

ಪ್ರಗತಿ ವರದಿ ಕೊಡಿ ಎಂದು ಮೂರ್ತಿಗಳು ಪೀಡಿಸುತ್ತಿದ್ದರು. ಎಷ್ಟು ಪದ, ಎಷ್ಟು ವಾಕ್ಯ ಎಂದು. ನನಗೆ ಗೊತ್ತಿದ್ದ ಅಳತೆ ಬೇರೆ. ಮಕ್ಕಳು ಮಧ್ಯಾಹ್ನ ಮಲಗಿದಾಗ ನಾನು ಅವರ ನಡುವೆ ಮೆಲ್ಲಗೆ ಓಡಾಡುತ್ತಿದ್ದೆ. ನಿದ್ದೆಯಲ್ಲಿ ಮಕ್ಕಳು ಕನವರಿಸುತ್ತಾರೆ. ಮೊದಮೊದಲು ಅದು ಇಂಗ್ಲಿಷಿನಲ್ಲೇ ಇರುತ್ತಿತ್ತು. ಒಂದು ದಿನ ಒಬ್ಬಳು ಕಣ್ಣು ಮುಚ್ಚಿಕೊಂಡೇ, "ನಂಗೆ ಕೊಡು, ಅದು ನಂದು" ಎಂದಳು. ಕನಸಿನೊಳಗೆ ಅವಳ ಹತ್ತಿರ ಯಾರು ಏನನ್ನು ಕಿತ್ತುಕೊಂಡಿದ್ದರೋ, ಆ ಕನಸು ಕನ್ನಡದ್ದಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಗುರುವಾರ ಅದನ್ನೇ ವರದಿ ಎಂದು ಹೇಳಿದೆ. ಮೂರ್ತಿಗಳು ಪೆನ್ನು ತೆರೆದು, "ನಿದ್ದೆಯಲ್ಲಿ ಕನ್ನಡ, ಒಂದು ಮಗು" ಎಂದು ಗಂಭೀರವಾಗಿ ಬರೆದುಕೊಂಡರು. ಅಂದಿನಿಂದ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಇಂಗ್ಲಿಷ್ ಬಾರದ ಟೀಚರಾಗಿರುವುದರಲ್ಲಿ ಒಂದು ತೊಡಕಿದೆ, ಹೊಸಬರು ಕೇಳಿಸಿಕೊಳ್ಳಿ. ನಿಮಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ ಮಕ್ಕಳು ನಿಮ್ಮೆದುರೇ ಗುಟ್ಟು ಮಾತಾಡುತ್ತಾರೆ. ಯಾರ ಅಪ್ಪ ಅಮ್ಮ ಜಗಳವಾಡಿದರು, ಯಾರ ಮನೆಗೆ ಯಾರು ಬಂದಿದ್ದರು, ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು. ಒಂದು ದಿನ ಒಬ್ಬ ಪುಟ್ಟ ಇನ್ನೊಬ್ಬನಿಗೆ, ಮಣಿ ಮೂಗಿನೊಳಗೆ ಹೋಗಿದೆ, ಟೀಚರಿಗೆ ಹೇಳಬೇಡ ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಒಂದು ಕ್ಷಣ ನನ್ನ ವೇಷದಲ್ಲೇ ನಿಂತೆ. ಮರುಕ್ಷಣ ಅವನನ್ನು ಎತ್ತಿಕೊಂಡು ಸಿಸಿಲಿಯಾ ಬಾಯಿಯ ಮನೆಗೆ ಓಡಿದೆ. ಅವರು ಮೂಗಿನ ಇನ್ನೊಂದು ಹೊಳ್ಳೆಯನ್ನು ಒತ್ತಿ ಹಿಡಿದು, ಸೀನಿಸಿ, ಮಣಿಯನ್ನು ಹೊರಗೆ ಹಾರಿಸಿದರು.

ಆ ಗುರುವಾರ ಕಮಿಟಿ ಮೊದಲ ಬಾರಿಗೆ ಒಮ್ಮತದಿಂದ ಒಂದು ನಿರ್ಣಯ ಮಾಡಿತು. ಇಂಗ್ಲಿಷಿನಲ್ಲಿ ಕೇಳಿದ್ದು ಟೀಚರಿಗೆ ಕೇಳಿಸಿಲ್ಲ. ಮಗುವಿನ ಮೈಗೆ, ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಕೇಳಿಸುತ್ತದೆ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಒಳ್ಳೆಯ ನಿಯಮವನ್ನು ಯಾವ ಸರ್ಕಾರವೂ ಕೊಡಲಿಲ್ಲ.

ಇನ್ನೊಂದು ಪದ್ಧತಿ ಸಿಸಿಲಿಯಾ ಬಾಯಿ ತಂದದ್ದು. ಕಮಿಟಿಯವರೆಲ್ಲ ಪೋಷಕರೂ ಆಗಿದ್ದರಿಂದ, ಯಾರದಾದರೂ ಮಗುವಿನ ವಿಷಯ ಬಂದರೆ ಆ ಸದಸ್ಯರು ಎದ್ದು ಅಡುಗೆಮನೆಗೆ ಹೋಗಿ ಎಲ್ಲರಿಗೂ ಟೀ ಮಾಡಬೇಕು. ಅಡುಗೆಮನೆಗೆ ಇದ್ದದ್ದು ಬಾಗಿಲಲ್ಲ, ಒಂದು ಪರದೆ. ಅಲ್ಲಿ ನಿಂತವರಿಗೆ ಎಲ್ಲವೂ ಕೇಳುತ್ತಿತ್ತು, ಆದರೆ ಬಾಯಿ ಹಾಕುವ ಹಾಗಿಲ್ಲ. ಮೂರ್ತಿಗಳು ಮಾಡುತ್ತಿದ್ದ ಟೀ ಬಾಯಿಗೆ ಹಾಕಲು ಆಗುತ್ತಿರಲಿಲ್ಲ, ಹಾಗಾಗಿ ಅವರ ಮಗಳ ವಿಷಯ ಎತ್ತಲು ಎಲ್ಲರೂ ಹೆದರುತ್ತಿದ್ದೆವು.

ತೊಂಬತ್ತರ ಬೇಸಿಗೆ ರಜೆ ಬಂತು. ಅರ್ಧಕ್ಕರ್ಧ ಜನ ಊರಿಗೆ ಹೋದರು. ಚನ್ನಪ್ಪನ ಹೆಂಡತಿ ಎರಡನೇ ಹೆರಿಗೆಗೆಂದು ಮೊದಲೇ ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು. ಆಗಸ್ಟ್ ನಡುವಿನಲ್ಲಿ ಅಪ್ಪ ಮಗಳು ಹೊರಡುವವರಿದ್ದರು. ಆಗಸ್ಟ್ ಶುರುವಿನಲ್ಲೇ ಇರಾಕಿನ ಸೈನ್ಯ ಬಂತು.

ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಹೇಳಿದ್ದಾರೆ. ನನಗೆ ನೆನಪಿರುವುದು ಸದ್ದಲ್ಲ, ಆಮೇಲಿನ ನಿಶ್ಶಬ್ದ. ಅಷ್ಟೊಂದು ಹಾರ್ನುಗಳ ಊರು ಒಂದು ಬೆಳಿಗ್ಗೆ ಮಾತು ನಿಲ್ಲಿಸಿಬಿಟ್ಟಿತ್ತು. ಅಂಗಡಿಗಳು ಮುಚ್ಚಿದ್ದವು. ರಸ್ತೆಯ ಮೇಲೆ ಬಿಸಿಲು ಮಾತ್ರ ಓಡಾಡುತ್ತಿತ್ತು. ಕಿಟಕಿಗಳಿಗೆ ಕಂಬಳಿ ಹೊದಿಸಿ ಕೂತ ನಮಗೆ ಹಗಲು ಯಾವುದು, ಎಚ್ಚರ ಯಾವುದು ಎನ್ನುವುದೇ ಮಸುಕಾಗುತ್ತಿತ್ತು. ಎದ್ದರೆ ಎಲ್ಲವೂ ಸರಿಹೋಗಿರುತ್ತದೆ ಎಂದು ಮಲಗುವುದು, ಎದ್ದು ಕಂಬಳಿ ನೋಡುವುದು. ಭಯವೂ ಆ ಸೆಕೆಯಲ್ಲಿ ತೂಕಡಿಸುತ್ತಿತ್ತು.

ಕಮಿಟಿ ಸೇರಿ, ಕಟ್ಟಡದಲ್ಲಿ ಮತ್ತು ಅಕ್ಕಪಕ್ಕದಲ್ಲಿ ಉಳಿದಿದ್ದ ಮಕ್ಕಳಿಗೆ ಬೆಳಗಿನ ಹೊತ್ತು ಶಾಲೆ ತೆರೆಯಬೇಕೆಂದಿತು. "ಮನೆಯಲ್ಲಿ ದೊಡ್ಡವರ ಮುಖ ನೋಡ್ತಾ ಕೂತರೆ ಮಕ್ಕಳು ಸೊರಗ್ತಾವೆ" ಎಂದರು ಸಿಸಿಲಿಯಾ ಬಾಯಿ. ಅವರು ಆಸ್ಪತ್ರೆಯಲ್ಲಿ ಎರಡು ಪಾಳಿ ಮುಗಿಸಿ ಬಂದು ಈ ಮಾತು ಹೇಳಿದ್ದು. ಶಾಲೆ ತೆರೆದೆ. ಕನ್ನಡದ ಹಾಡು, ಮಣ್ಣಿನ ಆನೆ, ಲೋಟದಿಂದ ಲೋಟಕ್ಕೆ ಅಕ್ಕಿ ಸುರಿಯುವ ಆಟ. ಆ ಎರಡು ಕೋಣೆಯೊಳಗೆ ಯಾವ ಸೈನ್ಯವೂ ಬಂದಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಬಸ್ಸುಗಳ ಸುದ್ದಿ ಬಂತು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿಗೆ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ. ಮೊದಲು ಹೆಂಗಸರು, ಮಕ್ಕಳು, ಕಾಯಿಲೆಯವರು. ಗಂಡಸರ ಸರದಿ ಆಮೇಲೆ, ಯಾವಾಗ ಎಂದು ಯಾರಿಗೂ ತಿಳಿಯದು. ನನ್ನ ಹೆಸರು ಬಂತು, ನನ್ನವರದು ಬರಲಿಲ್ಲ. ಚನ್ನಪ್ಪ ಸ್ಮಿತಾಳ ಕೈ ಹಿಡಿದು ತಂದು, "ಮೇಡಮ್ಮೋರೆ, ನಿಮ್ ಜೊತೆ ಕಳಿಸ್ತೀನಿ. ಅವರವ್ವನ ತಾವ ಬುಟ್ಬುಡಿ" ಎಂದರು. ಮಗಳ ಕಡೆ ತಿರುಗಿ ನಗುತ್ತಾ, "ನಾನು ಎರಡೇ ದಿನಕ್ಕೆ ಬತ್ತೀನಿ ಕಣವ್ವ" ಎಂದರು.

ಆಮೇಲೆ ಕಟ್ಟಡದವರೆಲ್ಲ ಅದನ್ನೇ ಹೇಳಿದರು. ಕಂಡಕಂಡವರೆಲ್ಲ ಅವಳ ಗಲ್ಲ ಹಿಂಡಿ, ನಿಮ್ಮಪ್ಪ ನಾಳಿದ್ದೇ ಬರ್ತಾರೆ ಎನ್ನುತ್ತಿದ್ದರು.

ಹೀಗೇ ಕೆಲವು ದಿನ ಕಳೆದು, ಒಮ್ಮೆ ಶಾಲೆ ಬಿಟ್ಟಾಗ ಸ್ಮಿತಾ ಹೊಸ್ತಿಲ ಹೊರಗೆ ಕೂತು ಶೂ ಹಾಕಿಕೊಳ್ಳುತ್ತಿದ್ದಳು. ನಾನು ಒಳಗೆ ಬಾಗಿಲ ಪಕ್ಕದಲ್ಲೇ ಚಾಪೆ ಸುತ್ತುತ್ತಿದ್ದೆ. ಅವಳಿಗೆ ತನ್ನ ಕೆಂಪು ಶೂಗಳ ಜೊತೆ ಮಾತಾಡುವ ಅಭ್ಯಾಸ. ಹೊಸ್ತಿಲ ಹೊರಗಾದ್ದರಿಂದ ಇಂಗ್ಲಿಷಿನಲ್ಲಿ, ಅದಕ್ಕೆ ನಮ್ಮ ಕಾನೂನಿನ ಅಡ್ಡಿಯಿಲ್ಲ. ಅವಳು ಶೂಗಳಿಗೆ ಹೇಳಿದ್ದು ಇಷ್ಟು: ಬಸ್ಸು ಬರುವ ದಿನ ನಾವು ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ಅಡಗಿಕೊಳ್ಳೋಣ. ಅಪ್ಪ ಬರುವುದಿಲ್ಲ. ಎಲ್ಲರೂ ಒಂದೇ ಥರ ನಗುತ್ತಾ ಹೇಳುತ್ತಾರೆ, ಅದು ಸುಳ್ಳು. ನಾವು ಹೋಗದಿದ್ದರೆ ಅಪ್ಪ ಒಬ್ಬರೇ ಆಗುವುದಿಲ್ಲ.

ನನ್ನ ಕೈ ಚಾಪೆಯ ಮೇಲೇ ನಿಂತಿತು. ಬಸ್ಸು ಯಾರಿಗೂ ಕಾಯುವುದಿಲ್ಲ. ಆ ಮಗು ಸಿಗದೇ ಹೋದರೆ ಅವಳು ಉಳಿಯುತ್ತಾಳೆ, ಮತ್ತೆ ಯಾವ ಬಸ್ಸೋ ಏನೋ. ಆದರೆ ನನಗೆ ಎಲ್ಲ ಅರ್ಥವಾಗುತ್ತದೆ ಎಂದು ಈಗ ಹೇಳಿಬಿಟ್ಟರೆ, ಇಷ್ಟು ದಿನ ಟೀಚರೂ ಸುಳ್ಳೇ ಹೇಳಿದರು ಎಂದಾಗುತ್ತದಲ್ಲ? ಮತ್ತೆ ಅವಳು ಯಾರನ್ನು ನಂಬಬೇಕು?

ಅಂದು ಮಧ್ಯಾಹ್ನವೇ ಕಮಿಟಿ ಸೇರಿತು. ವಿಷಯ ಸ್ಮಿತಾಳದ್ದು ಎಂದ ಕೂಡಲೇ ಚನ್ನಪ್ಪ ಮರುಮಾತಾಡದೆ ಎದ್ದು ಅಡುಗೆಮನೆಗೆ ಹೋದರು. ಪರದೆಯ ಹಿಂದೆ ಸ್ಟೌ ಹಚ್ಚಿದ ಸದ್ದಾಯಿತು. ನಾನು ಕೇಳಿದ್ದನ್ನೆಲ್ಲ ಹೇಳಿದೆ.

ಮೂರ್ತಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಸರೋಜಾ ಅವರೇ, ಪ್ರಾಣಕ್ಕೆ ಅಪಾಯ ಅಂದರೆ ಕೇಳಿಸಿಕೊಳ್ಳಬಹುದು ಅಂತ ನಮ್ಮ ನಿರ್ಣಯವೇ ಇದೆ. ಮಗು ಹತ್ತಿರ ಇಂಗ್ಲಿಷಿನಲ್ಲೇ ಮಾತಾಡಿ. ನಿಮ್ಮ ತಂದೆ ಒಂದು ವಾರದಲ್ಲಿ ಖಂಡಿತಾ ಬರ್ತಾರೆ ಅಂತ ಖಚಿತವಾಗಿ ಹೇಳಿ. ಮಕ್ಕಳಿಗೆ ಧೈರ್ಯ ಬೇಕು."

"ಎಂತ ಧೈರ್ಯ ಮಾರಾಯ್ರೆ?" ಎಂದರು ಸಿಸಿಲಿಯಾ ಬಾಯಿ. "ನಾನು ದಿನಾ ಮಕ್ಕಳಿಗೆ ಸೂಜಿ ಚುಚ್ಚುವವಳು. ನೋವಾಗುದಿಲ್ಲ ಅಂತ ಒಂದು ಸಲ ಹೇಳಿದ್ರೆ ಮುಗೀತು, ಮತ್ತೆ ಆ ಮಗು ಜನ್ಮದಲ್ಲಿ ಕೈ ಕೊಡುದಿಲ್ಲ. ಬರ್ತಾರೆ ಅಂತ ಹೇಳ್ಲಿಕ್ಕೆ ನಿಮಗೆ ಗೊತ್ತುಂಟಾ?"

"ಹಾಗಂತ ಆರು ವರ್ಷದ ಮಗುವಿಗೆ ಏನೂ ಗೊತ್ತಿಲ್ಲ ಅಂತ ಹೇಳೋಕಾಗುತ್ತಾ?"

"ಸುಳ್ಳು ಹೇಳ್ಲಿಕ್ಕಾದ್ರೆ ಎಲ್ಲರೂ ಇದ್ದಾರಲ್ಲ. ಅದಕ್ಕೆ ಟೀಚರ್ ಯಾಕೆ?"

ಇಬ್ಬರೂ ನನ್ನ ಕಡೆ ತಿರುಗಿದರು. ಪರದೆಯ ಹಿಂದೆ ಸ್ಟೌ ಆರಿತ್ತು, ಲೋಟದ ಸದ್ದು ಕೂಡ ಇರಲಿಲ್ಲ. ನಾನು ಕಮಿಟಿ ಹೇಳಲಿ ಎಂದು ಕಾಯುತ್ತಿದ್ದೆ. ಏನು ಹೇಳಬೇಕು ಅಂತ ಅವರೇ ಬರೆದುಕೊಟ್ಟುಬಿಟ್ಟರೆ ಸಾಕಾಗಿತ್ತು. ಮೂರ್ತಿಗಳು ಪೆನ್ನು ತೆಗೆದರು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಕೂತರು, ಮತ್ತೆ ಜೇಬಿಗೆ ಸಿಕ್ಕಿಸಿದರು.

"ಟೀಚರು ಆ ಮಗುವಿನ ಹತ್ತಿರ ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡಬಹುದು," ಎಂದರು. "ಏನು ಹೇಳಬೇಕು ಅನ್ನೋದು ಕಮಿಟಿಯ ಕೆಲಸ ಅಲ್ಲ. ಅದು ನಿಮ್ಮ ಕೆಲಸ ಅಮ್ಮಾ. ನಮಗೆ ಬರಲ್ಲ."

ಚನ್ನಪ್ಪ ಹಾಲಿಲ್ಲದ ಟೀ ತಂದು ಎಲ್ಲರ ಮುಂದಿಟ್ಟರು. "ಎಷ್ಟೊತ್ತಾದ್ರೂ ಟೀ ಬಣ್ಣ ಬುಡ್ನಿಲ್ಲ" ಎಂದರು. ಅವರ ಕಣ್ಣು ಕೆಂಪಾಗಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ನಾನೂ ಹೊಸ್ತಿಲು ದಾಟಿ ಹೋಗಿ, ಶೂಗಳ ಸಾಲಿನ ಪಕ್ಕ ಮೆಟ್ಟಿಲ ಮೇಲೆ ಸ್ಮಿತಾಳ ಜೊತೆ ಕೂತೆ. ಆ ಶಾಲೆಯ ಮಗುವೊಂದರ ಎದುರು ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಮಾತಾಡಿದೆ. ನೀನು ಶೂಗಳಿಗೆ ಹೇಳಿದ್ದು ನನಗೆ ಕೇಳಿಸಿತು ಎಂದೆ.

ಅವಳು ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ಶೂವಿನ ಬಕಲ್ ಹಾಕುತ್ತಲೇ ಕನ್ನಡದಲ್ಲಿ, "ಗೊತ್ತು" ಎಂದಳು.

"ಏನು ಗೊತ್ತು?"

"ನಿಮಗೆ ಇಂಗ್ಲಿಷ್ ಬರ್ತದೆ ಅಂತ. ಅವನ ಮೂಗಲ್ಲಿ ಮಣಿ ಹೋದಾಗ ಓಡಿದ್ರಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಆಟ ಆಡ್ತಿದ್ರಿ ಟೀಚರ್. ನಾವೆಲ್ಲ ಆಡ್ತಿದ್ವಿ."

ನಾವು ನಾಲ್ವರು ದೊಡ್ಡ ಮನುಷ್ಯರು, ನಿರ್ಣಯ ಬರೆದುಕೊಂಡು, ಗುಟ್ಟು ಕಾಪಾಡಿಕೊಂಡು ಕೂತಿದ್ದೆವು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಾಗಾದರೆ ಶೂಗೆ ಯಾಕೆ ಹೇಳಿದೆ?" ಎಂದೆ.

"ನಿಮಗೆ ಕೇಳಿಸ್ಲಿ ಅಂತ."

ಮೆಟ್ಟಿಲ ಕೆಳಗಿನಿಂದ ಬಿಸಿಗಾಳಿ ಮೇಲೆ ಬರುತ್ತಿತ್ತು. ಅವಳು ಎರಡನೇ ಶೂ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. "ಅಪ್ಪ ಬತ್ತಾರಾ?" ಎಂದಳು. ಆ ಮಾತು ಅಪ್ಪನದ್ದೇ, ಮಂಡ್ಯದ್ದು.

"ನನಗೆ ಗೊತ್ತಿಲ್ಲ ಪುಟ್ಟಿ," ಎಂದೆ.

"ನಿಮ್ಮ ಅಂಕಲ್?"

"ಅದೂ ಗೊತ್ತಿಲ್ಲ. ಅವರೂ ಇಲ್ಲೇ ಉಳೀತಾರೆ. ಬರಲಿ ಅಂತ ನಾನು ಕಾಯ್ತೀನಿ, ಅಷ್ಟೇ."

"ನಿಮಗೆ ಹೆದರಿಕೆ ಆಗ್ತದಾ?"

"ತುಂಬಾ ಆಗುತ್ತೆ."

ಅವಳು ಯೋಚಿಸಿದಳು. ಅಷ್ಟು ದಿನದಿಂದ ಬಿಗಿದುಕೊಂಡಿದ್ದ ಮುಖ ಸ್ವಲ್ಪ ಸಡಿಲವಾಯಿತು. ಎರಡನೇ ಶೂ ಹಾಕಿಕೊಂಡು, "ಹಾಗಾದ್ರೆ ಬರ್ತೇನೆ. ಇಲ್ಲಾಂದ್ರೆ ಬಸ್ಸಲ್ಲಿ ನೀವು ಒಬ್ಬರೇ ಆಗ್ತೀರಿ" ಎಂದಳು.

ಬಸ್ಸು ಹೊರಟ ದಿನ ಅವಳು ಎಲ್ಲೂ ಅಡಗಲಿಲ್ಲ. ಚನ್ನಪ್ಪ ಈ ಸಲ ಎರಡು ದಿನ ಎನ್ನಲಿಲ್ಲ, ನಗಲೂ ಇಲ್ಲ. ಅವಳನ್ನು ಎತ್ತಿಕೊಂಡು ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅತ್ತರು, ಅವಳೂ ಅತ್ತಳು. ನನ್ನವರು ಕಿಟಕಿಯ ಹೊರಗಿನಿಂದ ನನ್ನ ಬೆರಳು ಹಿಡಿದು, ನೀರಿನ ಬಾಟಲಿ ಜೋಪಾನ ಎಂದರು. ಇನ್ನೇನಾದರೂ ಹೇಳಬಾರದಿತ್ತೇ ಎಂದು ಬಸ್ರಾದವರೆಗೂ ಕೊರಗಿದೆ.

ಆ ದಾರಿ ನನಗೆ ಬಿಡಿಬಿಡಿಯಾಗಿ ನೆನಪಿದೆ. ಮರಳಿನ ಮೇಲೆ ನೀರಿನಂತೆ ಹೊಳೆಯುವ ರಸ್ತೆ. ನನ್ನ ತೊಡೆಯ ಮೇಲೆ ಮಲಗಿದ ಸ್ಮಿತಾಳ ಬೆವರಿದ ಹಣೆ. ಎಲ್ಲೋ ಒಂದು ಕಡೆ ಡೇರೆಯ ಬಾಗಿಲಲ್ಲಿ ಯಾರೋ ಕೊಟ್ಟ ರೊಟ್ಟಿ. ಅವಳು ನಿದ್ದೆಯಲ್ಲಿ ಕನವರಿಸುತ್ತಿದ್ದಳು, ಯಾವ ಭಾಷೆ ಎಂದು ನಾನು ಗಮನಿಸಲಿಲ್ಲ. ಕೊನೆಗೆ ಬೊಂಬಾಯಿ, ರೈಲು, ಮೈಸೂರು. ಸ್ಟೇಷನ್ನಿಗೆ ಬಂದಿದ್ದ ಅವಳ ತಾಯಿಯ ಕೈಗೆ ಅವಳನ್ನು ಒಪ್ಪಿಸಿದೆ. ಸ್ಮಿತಾ ಬೆಂಚಿನ ಮೇಲೆ ಮಲಗಿದ್ದ ಪುಟ್ಟ ತಮ್ಮನನ್ನು ಮೊದಲ ಬಾರಿ ನೋಡಿ, ಶೂಗಳನ್ನು ಕಳಚಿ ಅವನ ಪಕ್ಕ ಕೂತಳು.

ಶಾಲೆ ಮತ್ತೆ ತೆರೆಯಲಿಲ್ಲ. ಸಿಸಿಲಿಯಾ ಬಾಯಿ ಆಸ್ಪತ್ರೆ ಬಿಟ್ಟು ಬರಲೇ ಇಲ್ಲ. ತೊಂಬತ್ತೊಂದರಲ್ಲಿ ಯುದ್ಧ ಮುಗಿದ ಮೇಲೆ, ನಮ್ಮ ಎರಡು ಕೋಣೆಯಲ್ಲಿ ಬೇರೆ ಯಾರೋ ಸಂಸಾರ ಹೂಡಿದ್ದಾರೆ ಎಂದು ಅವರಿಂದ ತಿಳಿಯಿತು. ಮೂರ್ತಿಗಳು ಮೈಸೂರಿಗೇ ಬಂದು, ಬಹಳ ಕಾಲ ಪ್ರತಿ ಗುರುವಾರ ಸಂಜೆ ನಮ್ಮ ಮನೆಗೆ ಬರುತ್ತಿದ್ದರು, ಅಭ್ಯಾಸಬಲ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಿಗೆ ನಾನು ಅವರ ಕತೆಯನ್ನೇ ಹೇಳುತ್ತೇನೆ. ನೂರು ನಿರ್ಣಯ ಬರೆಸಿದ ಮನುಷ್ಯ ಪೆನ್ನು ಜೇಬಿಗೆ ಸಿಕ್ಕಿಸಿದ ಆ ಮಧ್ಯಾಹ್ನ ನಿಮ್ಮ ಕಮಿಟಿಗೂ ಬರಲಿ. ಬಂದಾಗ ಕೆಲಸ ನಿಮ್ಮದು, ಓಡಿಹೋಗಬೇಡಿ.

ಮೈಸೂರಿಗೆ ಬಂದ ಮೇಲೆ ನಾನು ಕಾದದ್ದೇ ಕಾದದ್ದು. ಹಾಗೆ ಕಾಯುತ್ತಿದ್ದ ಒಂದು ಬೆಳಿಗ್ಗೆ ಪಕ್ಕದ ಮನೆಯವರು ಫೋನ್ ಬಂದಿದೆ ಎಂದು ಕೂಗಿದರು. ಓಡಿದೆ. ಚನ್ನರಾಯಪಟ್ಟಣದ ಎಸ್‌ಟಿಡಿ ಬೂತಿನಿಂದ ಚನ್ನಪ್ಪನ ದನಿ. "ಮೇಡಮ್ಮೋರೆ, ನಿನ್ನೆ ಬಂದೆ. ಸಾರ್‌ನ ಹದಿನೈದು ದಿನದ ಹಿಂದೆ ನೋಡಿದ್ದೆ, ಚೆನ್ನಾಗಿದ್ರು. ಆಮೇಲೆ ನಂಗೂ ಸುದ್ದಿ ಇಲ್ಲ. ತಕಳಿ, ಮಗ ಮಾತಾಡ್ತದಂತೆ."

"ಟೀಚರ್, ಅಪ್ಪ ಬಂದ್ರು," ಎಂದಳು ಸ್ಮಿತಾ. ಸಂತೋಷದಿಂದ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಮೇಲೆ ಅವಳು ಕೇಳಿದಳು, "ನಿಮ್ಮ ಅಂಕಲ್ ಬಂದ್ರಾ?"

"ಇನ್ನೂ ಇಲ್ಲ."

"ಬತ್ತಾರಾ?"

"ಗೊತ್ತಿಲ್ಲ ಪುಟ್ಟಿ."

ಆ ಕಡೆ ಅವಳ ಉಸಿರು ಕೇಳುತ್ತಿತ್ತು. ಬಂದೇ ಬರ್ತಾರೆ ಎಂದು ಅವಳು ಹೇಳಲಿಲ್ಲ. ಹಿಂದಿನಿಂದ ಚನ್ನಪ್ಪ, "ಇಡವ್ವ, ಮೀಟರ್ ಓಡ್ತಾ ಅದೆ" ಎನ್ನುತ್ತಿದ್ದರು. ನಾನೂ ಇಡು ಎಂದೆ.

"ಇಲ್ಲ ಟೀಚರ್," ಎಂದಳು. "ನಾನು ಫೋನ್ ಇಡಲ್ಲ."